ಅರ್ಧ ಹಾಡು ಇದಕ್ಕೆ, ಅರ್ಧ ಹಾಡು ಅದಕ್ಕೆ

ಕತೆ ಹೇಳ್ತೀನಿ, ಆದರೆ ನಡುವೆ ಯಾರೂ ಕೆಮ್ಮಬಾರದು. ಕೆಮ್ಮಿದರೆ ನಾನು ಹೆದರ್ತೀನಿ, ಮೊದಲೇ ಹೇಳಿಬಿಟ್ಟೆ.

ಹೊನ್ನವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಈರಭದ್ರ. ಊರವರ ಬಾಯಲ್ಲಿ ಈರ್ಯಾ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನ ರೋಗ. "ಹಾಲು ಉಕ್ಕೂದು ನೋಡ್ಕೋ" ಅಂದರೆ, ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡಿದ. ಹೊನ್ನವ್ವ ಹಣೆ ಚಚ್ಚಿಕೊಂಡೇ ಇಪ್ಪತ್ತೈದು ವರ್ಷ ಕಳೆದಳು.

ಅವಳ ಗಂಡ ಸಂಗಪ್ಪ ನಾಟಕದಲ್ಲಿ ಹಾಡುತ್ತಿದ್ದ. ಸತ್ತು ಹನ್ನೆರಡು ವರ್ಷ. ಅವನ ಒಂದೇ ಒಂದು ಹಾಡು, ಒಂದೇ ಒಂದು ಗ್ರಾಮಫೋನ್ ಪ್ಲೇಟಿನಲ್ಲಿ ಉಳಿದಿತ್ತು. ಹೊನ್ನವ್ವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯೂ ಹೊರಟು ನಿಂತಿತ್ತು. ಅದೂ ಹೋಗುವ ಮೊದಲು ಗಂಡನ ದನಿ ಒಮ್ಮೆ ಸ್ಪಷ್ಟವಾಗಿ ಕೇಳಬೇಕು, ಇಷ್ಟೇ ಅವಳ ಆಸೆ. ಮನೆಯ ಹಳೇ ಪ್ಲೇಯರಿನಲ್ಲಿ ಬರೀ ಗರಗರ, ದನಿಯೂ ನಡುಗುತ್ತಿತ್ತು.

"ಈರ್ಯಾ, ರೇಡಿಯೋ ರಿಪೇರಿ ಮೌಲಾಸಾಬ್ರನ್ನ ಕೇಳ್ಕೊಂಡು ಬಾ!"

ಹೋದ, ಕೇಳಿದ. ಮೌಲಾಸಾಬರು ಅಂದರು, "ಮಷೀನು ಅಲುಗಾಡ್ತೈತಿ, ಅದಕ್ಕ ದನಿ ನಡಗ್ತೈತಿ. ವಜ್ಜೆ ಕಲ್ಲಿನ ಮ್ಯಾಲೆ ಇಡು. ಏನು ಮಾಡಿದ್ರೂ ಅಲುಗದಂಥಾ ಕಲ್ಲು ಇರಬೇಕ ನೋಡು!"

ಈರ್ಯಾ ಊರು ಸುತ್ತಿದ. ಕಟ್ಟೆಯ ಕಲ್ಲು ಒದ್ದ, ಅಲುಗಿತು. ಬೀಸುವ ಕಲ್ಲು ಒದ್ದ, ಅಲುಗಿತು. ಹನ್ನೆರಡು ವರ್ಷದಿಂದ ಅಲುಗದ ಕಲ್ಲು ಯಾವುದು? ಅಪ್ಪನ ಸಮಾಧಿಯ ಚಪ್ಪಡಿ! ಹಾರೆ ಹಾಕಿ ಎಬ್ಬಿಸಿದ, ಕೈಗಾಡಿಯಲ್ಲಿ ತಂದ, ಮೇಲೆ ಪ್ಲೇಯರ್ ಇಟ್ಟ.

ದನಿ ನಡುಗಲಿಲ್ಲ. ಹೊನ್ನವ್ವನ ಕಣ್ಣಲ್ಲಿ ನೀರು ಬಂತು. ಹಾಡು ಮುಗಿದು ಈರ್ಯಾ ಮುಳ್ಳು ಎತ್ತಿದ. ಎತ್ತಿದ ಮೇಲೆ, ಸ್ಪೀಕರಿನೊಳಗೆ ಯಾರೋ ಕೆಮ್ಮಿದರು.

"ಪ್ಲೇಟಿನ್ಯಾಗ ಕೆಮ್ಮು ಇರ್ಲಿಲ್ಲಲ್ಲೋ! ಈ ಕಲ್ಲು ಎಲ್ಲಿಂದು?"

"ಅಪ್ಪಂದು!"

"ಅಯ್ಯ ಮೂಳಾ! ಈಗಿಂದೀಗ ಅಲ್ಲೇ ಒಯ್ದು ಇಡು! ಸುಡುಗಾಡಿಂದ ಬಂದದ್ದು ಏನ ಇರ್ಲಿ, ತಲಿಮ್ಯಾಲೆ ಎರಡು ಕೊಡ ನೀರು ಬೀಳದ ಒಳಗ ಬರಬಾರ್ದು!"

"ಹೂಂ ಅವ್ವ, ಹಂಗ ಮಾಡ್ತೀನಿ!"

ಕಲ್ಲು ಇಟ್ಟು ಬಂದ, ಸ್ನಾನ ಮಾಡಿದ. ಮಾಡಿ ಯೋಚಿಸಿದ. ಪ್ಲೇಯರ್ ಕೂಡ ಆ ಕಲ್ಲಿನ ಮೇಲೆ ಕೂತಿತ್ತಲ್ಲ? ಪ್ಲೇಟಿನ ಸಮೇತ ಅಂಗಳಕ್ಕೆ ತಂದು ಎರಡು ಕೊಡ ನೀರು ಸುರಿದ. ಪಾಪ, ಸೋಪೂ ಹಚ್ಚಿದ.

"ನನ್ನ ಹೊಟ್ಟಿ ಉರಸಾಕ ಹುಟ್ಟೀಯೇನೋ! ಮಷೀನಿಗೆ ಯಾರರೆ ಎರೀತಾರೇನು? ಇನ್ನ ನಿನ್ನ ಬುದ್ಧಿ ಓಡಸಬ್ಯಾಡ! ಮೌಲಾಸಾಬ್ರು ಏನು ಹೇಳ್ತಾರ, ಚಾಚೂ ತಪ್ಪದ ಅಷ್ಟ ಮಾಡು!"

"ಹೂಂ ಅವ್ವ, ಅಷ್ಟ ಮಾಡ್ತೀನಿ!"

ಈರ್ಯಾ ಒಯ್ದ ಒದ್ದೆ ಪ್ಲೇಯರ್, ಪ್ಲೇಟು ನೋಡಿ ಮೌಲಾಸಾಬರು ನಕ್ಕರು. ಮೂರು ದಿನ ಬಿಸಿಲಿಗೆ ಇಟ್ಟರು, ಎಣ್ಣೆ ಬಿಟ್ಟರು. ತಮ್ಮದೊಂದು ಪ್ಲೇಯರಿಗೆ ಹೊಸ ಮುಳ್ಳು ಹಾಕಿ ಪಕ್ಕದಲ್ಲಿಟ್ಟರು. ವರ್ಷಗಳ ಕೊಳೆ ತೊಳೆದು ಹೋಗಿ ಪ್ಲೇಟು ಮಿರಿಮಿರಿ ಅನ್ನುತ್ತಿತ್ತು. ಅಂಗಡಿಯಲ್ಲೇ ಹಚ್ಚಿ ನೋಡಿದರು. ಅಬ್ಬ! ಹಾಡುವವನ ಉಸಿರು ಕೂಡ ಕೇಳಿಸಿತು. ಹಾಡು ಮುಗಿಯಿತು, ಸ್ವಿಚ್ ಆರಿಸಿದರು.

"ಹೊನ್ನೀ..." ಅಂತು ಸ್ಪೀಕರು.

ಮೌಲಾಸಾಬರ ಮುಖ ಬಿಳುಚಿತು. "ಹೊನ್ನಿ ಯಾರೋ?"

"ನಮ್ಮವ್ವ. ಅಪ್ಪ ಹಂಗ ಕರೀತಿದ್ದ!"

ಅವರು ಎರಡೂ ಪ್ಲೇಯರುಗಳನ್ನು ಅವಸರ ಅವಸರವಾಗಿ ಅವನ ಗಾಡಿಗೆ ಹಾಕಿದರು. "ಒಯ್ಯಪ್ಪ, ಎರಡೂ ಒಯ್ಯಿ. ಅರ್ಧ ಹಾಡು ಇದಕ್ಕ ಹಾಕು, ಅರ್ಧ ಹಾಡು ಅದಕ್ಕ ಹಾಕು. ಯಾವುದ್ರಾಗ ನಿಮ್ಮಪ್ಪ ಹತ್ರ ಬಂದಂಗ ಅನಸ್ತೈತಿ, ಅದನ್ನ ಇಟ್ಕೋ. ನನ್ನ ಅಂಗಡಿಗೆ ಮಾತ್ರ ತರಬ್ಯಾಡ!"

ಈರ್ಯಾ ಚಾಚೂ ತಪ್ಪಲಿಲ್ಲ. ಬಡಿಗೇರ ಮನೆಯಿಂದ ಗರಗಸ ತಂದ. ಪ್ಲೇಟನ್ನು ಸರಿಯಾಗಿ ನಡುವೆ ಕೊಯ್ದ. ಅರ್ಧ ಇದಕ್ಕೆ ಹಾಕಿದ, ಅರ್ಧ ಅದಕ್ಕೆ ಹಾಕಿದ.

ನಗಬೇಡಿ. ನೀರು ತರಲು ಹೋಗಿದ್ದ ಹೊನ್ನವ್ವ ಒಳಗೆ ಬಂದು ನೋಡಿದಳು. ಕೊಡ ಕೈಯಿಂದ ಬಿತ್ತು. ಗಂಡ ಎರಡನೇ ಸಲ ಸತ್ತ ಹಾಗಾಯಿತು, ಕೂತು ಅತ್ತಳು.

"ಇನ್ನ ಅವರ ದನಿ ಎಲ್ಲಿ ಕೇಳ್ಲೋ? ಕೂಡಿದ್ದನ್ನ ಅಗಲಿಸಿದಿ! ಅಗಲಿದ್ದನ್ನ ಕೂಡಸೂದು ಯಾವಾಗ ಕಲೀತಿ?"

"ಈಗ ಕಲೀತೀನಿ ಅವ್ವ!"

ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಈರ್ಯಾ ಹಾರೆ ಹೆಗಲಿಗೆ ಹಾಕಿಕೊಂಡು ಹೊರಟ. ಹೊನ್ನವ್ವ ಬಾಗಿಲು ಹಾಕಿ, ಎರಡು ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಎಷ್ಟೋ ಹೊತ್ತಾದ ಮೇಲೆ ಬಾಗಿಲು ಬಡಿದ ಸದ್ದಾಯಿತು.

"ಅವ್ವಾ, ಬಾಗಲಾ ತಗಿ! ಅಗಲಿದ್ದನ್ನ ಕೂಡಸಾಕ ಕರ್ಕೊಂಡು ಬಂದೀನಿ!"

"ಯಾರನ್ನೋ?"

"ಅಪ್ಪನ್ನ! ಕಲ್ಲು ಸರಿಸಿದೆ, ಅವ್ವ ಅಳಾಕ ಹತ್ಯಾಳ ಬಾ ಅಂದೆ. ಎದ್ದು ಬಂದ!"

ಬಾಗಿಲಾಚೆ ಯಾರೋ ಕೆಮ್ಮಿದರು. ಹಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಕೆಮ್ಮು. ಹನ್ನೆರಡು ವರ್ಷ ಬೇಡಿಕೊಂಡಿದ್ದು ಇದೇ ದನಿ. ಅದೇ ಹೊಸ್ತಿಲ ತನಕ ಬಂದು ನಿಂತಾಗ ಹೊನ್ನವ್ವನಿಗೆ ಹೆದರಿಕೆಯೇ ಹೆಚ್ಚಾಯಿತು.

"ಈರ್ಯಾ," ಅಂತ ಬಾಗಿಲ ಸಂದಿಯಲ್ಲಿ ಪಿಸುಗುಟ್ಟಿದಳು, "ನಾ ಮನ್ಯಾಗ ಇಲ್ಲಂತ ಹೇಳೋ!"

"ಹೂಂ ಅವ್ವ!" ಅಂದ ಈರ್ಯಾ. ಆಮೇಲೆ ತಿರುಗಿ, ಜೋರಾಗಿ, "ಅಪ್ಪಾ, ನಾ ಮನ್ಯಾಗ ಇಲ್ಲಂತ ಹೇಳು ಅಂತ ಅವ್ವ ಅಂದ್ಳು!"

ಹೊರಗಿನಿಂದ ದನಿ ಬಂತು. ಗರಗರ ಇಲ್ಲ, ನಡುಕ ಇಲ್ಲ. ಹೊನ್ನವ್ವನಿಗೆ ಸತ್ತ ಎಡಗಿವಿಯಲ್ಲೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿಸಿತು.

"ಬರ್ಲಿ ಬಿಡು. ಬರೂತನಕ ಇಲ್ಲೇ ಕುಂತು ಹಾಡ್ಕೋತ ಇರ್ತೀನಿ."

ಹಾಡು ಸುರುವಾಯಿತು. ಹೊನ್ನವ್ವ ಚಿಲಕ ಹಿಡಿದುಕೊಂಡು ನಿಂತಳು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

ಈರ್ಯಾ ಸಂದಿಗೆ ಬಾಯಿಟ್ಟು ಕೂಗಿದ:

"ಅವ್ವಾ, ಅಪ್ಪ ಕಾಯ್ತಾನಂತ! ನೀ ಮನಿಗೆ ಬಂದ ಕೂಡ್ಲೇ ಬಾಗಲಾ ತಗಿ!"