ತುಂಡಾಗಬೇಕಾದ ನೂಲು

ಮಾರ್ಗಶಿರ ಶುದ್ಧ ಬಿದಿಗೆ, ಬುಧವಾರ. ಆಕಾಶದಲ್ಲಿ ಮೋಡವಿರಲಿಲ್ಲ, ಗಾಳಿ ಬೆಳಿಗ್ಗೆಯೇ ನಿಂತಿತ್ತು.

ದೂಮಪ್ಪನೆಂಬ ಶಿಷ್ಯ ಗುರುಗಳ ಬಳಿಗೆ ಬಂದು ಕೇಳಿದ: “ಗುರುಗಳೇ, ಎದುರು ನಿಂತವನಿಗೆ ಕೊನೆಗೆ ಸಿಗುವುದೇನು?”

ಕೇಳಲು ಅವನಿಗೆ ಕಾರಣವಿತ್ತು. ಅವನು ಊರಿನ ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದ. ಹನ್ನೆರಡು ಜನರಿಗಿಂತ ಹೆಚ್ಚು ಹತ್ತಿಸುವುದಿಲ್ಲ ಎಂದು ಹಠ ಹಿಡಿದ. ಊರವರು ಅವನನ್ನು ಬಿಡಿಸಿ ಬೇರೊಬ್ಬನನ್ನು ಇಟ್ಟರು. ಹೊಸಬ ಇಪ್ಪತ್ತು ಜನರನ್ನು ಹತ್ತಿಸಿಕೊಂಡು ಹೊಳೆ ದಾಟಿಸುತ್ತಾ ಒಂದು ವರ್ಷವಾಯಿತು. ದೋಣಿ ಮುಳುಗಿರಲಿಲ್ಲ.

“ಮುಳುಗಲಿ ಎಂದು ಒಮ್ಮೆಯಾದರೂ ಬಯಸಿದೆಯಾ?” ಎಂದರು ಗುರುಗಳು.

ದೂಮಪ್ಪ ತಲೆ ತಗ್ಗಿಸಿದ. “ಬಯಸಿದೆ.”

“ಹಾಗಾದರೆ ಕೇಳು” ಎಂದು ಗುರುಗಳು ಕತೆ ಹೇಳಿದರು.

ಕಡಲ ದಂಡೆಯಲ್ಲಿ ಗಾಳ ಕಟ್ಟುವವನೊಬ್ಬನಿದ್ದ. ದಡ ಕಾಣದಷ್ಟು ದೂರ ಹೋಗಿ ಅಂಜಲ್ ಮೀನು ಹಿಡಿಯುವ ದೋಣಿಗಳಿಗೆಲ್ಲ ಅವನೇ ಗಾಳ ಕಟ್ಟಿಕೊಡುತ್ತಿದ್ದ. ಸತ್ತ ಬಂಗುಡೆಯ ಬೆನ್ನು ಮುರಿದು ಮೆತ್ತಗೆ ಮಾಡುತ್ತಿದ್ದ. ಹೊಟ್ಟೆಯೊಳಗೆ ಕೊಕ್ಕೆ ಅಡಗಿಸಿ, ನೀರು ನುಗ್ಗದಂತೆ ಅದರ ಬಾಯಿಯನ್ನು ಸೂಜಿಯಿಂದ ಹೊಲಿಯುತ್ತಿದ್ದ. ಬಾಯಿ ಸರಿಯಾಗಿ ಹೊಲಿದರೆ ಸತ್ತ ಮೀನು ದೋಣಿಯ ಹಿಂದೆ ನೆಟ್ಟಗೆ ಈಜುತ್ತದೆ. ಇಲ್ಲವಾದರೆ ಬುಗುರಿಯಂತೆ ತಿರುಗುತ್ತದೆ, ದೊಡ್ಡ ಮೀನು ನಂಬುವುದಿಲ್ಲ. ಬಂಗುಡೆ ಸಿಗದ ದಿನ ಕೋಳಿಯ ಬಿಳಿ ಗರಿ, ತಗಡಿನ ಚೂರು ಸೇರಿಸಿ ಹುಸಿ ಎರೆ ಕಟ್ಟುತ್ತಿದ್ದ. ಅವನು ಕಟ್ಟಿದ್ದನ್ನು ಮೀನು ನಂಬುತ್ತಿತ್ತು.

ಅವನದೊಂದು ಪದ್ಧತಿ ಇತ್ತು. ಕೊಕ್ಕೆಗೆ ತಂತಿ, ತಂತಿಗೆ ದಾರ, ಆ ದಾರ ದೋಣಿಯವನ ಕೈಗೆ. ತಂತಿಗೂ ದಾರಕ್ಕೂ ನಡುವೆ ಅವನು ಒಂದು ಮೊಳ ಹತ್ತಿಯ ನೂಲು ಸೇರಿಸುತ್ತಿದ್ದ. ಗಟ್ಟಿ ಆಳು ಒಂದು ಕೈಯಲ್ಲಿ ಎತ್ತಬಲ್ಲಷ್ಟು ಭಾರದ ಕಲ್ಲೊಂದು ಅವನ ಅಂಗಳದಲ್ಲಿತ್ತು. ಹೊಸ ನೂಲು ತಂದಾಗ ಒಂದು ತುಂಡು ಕತ್ತರಿಸಿ ಆ ಕಲ್ಲಿಗೆ ಕಟ್ಟಿ ಎತ್ತುತ್ತಿದ್ದ. ತುಂಡಾದರೆ ಆ ನೂಲು ಇಟ್ಟುಕೊಳ್ಳುತ್ತಿದ್ದ. ತುಂಡಾಗದಿದ್ದರೆ ಬಿಸಾಡುತ್ತಿದ್ದ.

ಯಾಕೆಂದರೆ ದೋಣಿಯವರು ದಾರವನ್ನು ಅಂಗೈಗೆ ಸುತ್ತಿಕೊಂಡು ಎಳೆಯುತ್ತಾರೆ. ಆಳದಲ್ಲಿ ಅಂಜಲ್ ಒಂದೇ ಇರುವುದಿಲ್ಲ. ಮನುಷ್ಯನಿಗಿಂತ ದೊಡ್ಡದೂ ಇರುತ್ತದೆ. ಅದು ಬಾಯಿ ಹಾಕಿ ತಿರುಗಿದರೆ ಸುತ್ತು ಬಿಗಿಯುತ್ತದೆ; ಬಿಚ್ಚಲು ಸಮಯವಿರುವುದಿಲ್ಲ. ಆಗ ಯಾವುದಾದರೂ ಒಂದು ತುಂಡಾಗಲೇಬೇಕು. ಅದು ನೂಲಾಗಿರಲಿ ಎಂಬುದು ಅವನ ಲೆಕ್ಕ.

ಒಬ್ಬ ಸಾಹುಕಾರ ದಂಡೆಯ ದೋಣಿಗಳನ್ನೆಲ್ಲ ಕೊಂಡ. ಗಾಳ ಕಟ್ಟುವವನನ್ನು ಕರೆಸಿದ.

“ದೊಡ್ಡ ಮೀನು ಬಾಯಿ ಹಾಕಿದಾಗಲೆಲ್ಲ ನಿನ್ನ ನೂಲು ತುಂಡಾಗುತ್ತದೆ. ಇನ್ನು ಮೇಲೆ ತಂತಿಯನ್ನು ನೇರ ದಾರಕ್ಕೇ ಕಟ್ಟು” ಎಂದ.

“ಆಗ ಕೈ ತುಂಡಾಗುತ್ತದೆ.”

“ಕೈ ನಿನ್ನದಲ್ಲವಲ್ಲ.”

“ನಿಮ್ಮದೂ ಅಲ್ಲ ಸಾಹುಕಾರರೇ. ಅದಕ್ಕೇ ಕಟ್ಟುವುದಿಲ್ಲ.”

ಸಾಹುಕಾರ ಜಾಣ. ಸಿಟ್ಟು ಮಾಡಲಿಲ್ಲ. ದೋಣಿಯವರ ಕಡೆ ತಿರುಗಿ, “ಕೈ ಇವರದು. ಇವರನ್ನೇ ಕೇಳೋಣ” ಎಂದ.

ದೋಣಿಯವರಿಗೆ ಮೀನಿನಲ್ಲಿ ಪಾಲಿತ್ತು. ತಪ್ಪಿಸಿಕೊಂಡು ಹೋದ ಒಂದೊಂದು ಮೀನೂ ಅವರಿಗೆ ನೆನಪಿತ್ತು. ಅವರಲ್ಲಿ ಎಲ್ಲಕ್ಕೂ ಮುಂದೆ ಹೋಗುವ ದೋಣಿಯಲ್ಲಿ ದಾರ ಹಿಡಿಯುವವನು ಹೇಳಿದ: “ನಮ್ಮ ಕೈಯ ಚಿಂತೆ ನಿನಗೆ ಯಾಕೆ ಮಾರಾಯ? ನಿನ್ನ ನೂಲಿಗೆ ಮೀನಿನ ಮನೆಯಲ್ಲಿ ಹೆಣ್ಣು ಗೊತ್ತಾಗಿದೆಯೋ ಏನೋ, ಯಾವಾಗಲೂ ಆ ಕಡೆಯವರದೇ ಪಕ್ಷ.”

ಎಲ್ಲರೂ ನಕ್ಕರು. ಗಾಳ ಕಟ್ಟುವವನಿಗೂ ನಗು ಬಂತು. ನಕ್ಕು ಹೇಳಿದ: “ಬೇಡವಾದರೆ ನೀವು ಕಟ್ಟಿಕೊಳ್ಳಿ. ನಾನು ಕಟ್ಟಿದ್ದರಲ್ಲಿ ನೂಲು ಇರುತ್ತದೆ.”

ಸಾಹುಕಾರ ಬೇರೆ ಊರಿನಿಂದ ಗಾಳ ಕಟ್ಟುವವನನ್ನು ಕರೆತಂದ. ಹಳಬ ಕೂತು ಗಾಳ ಕಟ್ಟುತ್ತಿದ್ದ ಚಪ್ಪರ ಕಿತ್ತು ಹಾಕಿಸಿದ. ದಂಡೆಯಲ್ಲಿ ಅವನಿಗೆ ಕೆಲಸ ಕೊಡುವವರು ಇಲ್ಲವಾದರು.

ಮರುದಿನ ಬೆಳಿಗ್ಗೆ ದೋಣಿಗಳು ಹೊರಡುವಾಗ ಅವನು ಬಂದ. ಹತ್ತು ಗಾಳ ತಂದಿದ್ದ. ಹತ್ತರಲ್ಲೂ ನೂಲಿತ್ತು. ಎಲ್ಲರೂ ನೋಡುತ್ತಿದ್ದಂತೆ ಅವನ್ನು ಮುಂದಿನ ದೋಣಿಯ ಅಂಚಿಗೆ ತೂಗುಹಾಕಿ ಹೋದ. ಸಾಹುಕಾರನ ಆಳು ಕತ್ತರಿಸಿ ನೀರಿಗೆ ಎಸೆದ. ಅದರ ಮರುದಿನ ಮತ್ತೆ ಹತ್ತು ತಂದ. ಅವನ್ನೂ ಎಸೆದರು. ಹೀಗೆ ದಿನವೂ ನಡೆಯಿತು.

ಒಂದು ದಿನ ಅವನ ಹೆಂಡತಿ, “ಮನೆಯಲ್ಲಿ ಸಾರಿಗೆ ಒಂದು ಬಂಗುಡೆ ಇಲ್ಲ. ಅವರು ಎಸೆಯಲಿಕ್ಕೆ ಮಾತ್ರ ಹತ್ತು” ಎಂದಳು. ಹಾಗೆ ಹೇಳಿ, ಅವನ ಕಣ್ಣಿಗೆ ಕಾಣದ ಸೂಜಿಗೆ ತಾನೇ ದಾರ ಪೋಣಿಸಿ ಕೊಟ್ಟಳು.

ಹಂಗಾಮು ಮುಗಿಯುತ್ತಾ ಬಂತು. ನೂಲಿಲ್ಲದ ಗಾಳಗಳಿಗೆ ದೊಡ್ಡ ದೊಡ್ಡ ಮೀನು ಬಿದ್ದವು. ಯಾರ ಕೈಗೂ ಏನೂ ಆಗಲಿಲ್ಲ. ನೂಲು ಬೇಕಿರಲಿಲ್ಲ ಎಂದು ದಂಡೆಯೇ ಹೇಳಿತು. ಅವನ ಮಾತು ನಿಜವೆಂದು ತೋರಿಸುವ ಒಂದು ಗಾಯವೂ ದಂಡೆಯಲ್ಲಿ ಇರಲಿಲ್ಲ. ಗಾಯವಾಗಲಿ ಎಂದು ಅವನು ಕಾದಿರಲೂ ಇಲ್ಲ. ಹತ್ತು ಗಾಳ ಕಟ್ಟುವುದನ್ನು ನಿಲ್ಲಿಸಲಿಲ್ಲ, ಅಷ್ಟೆ.

ಹಂಗಾಮಿನ ಕೊನೆಯ ವಾರ ಒಂದು ದಿನ ಆಳು ಎಸೆದದ್ದು ಒಂಬತ್ತೇ. ಹತ್ತನೆಯದು ಜಾರಿ ದೋಣಿಯೊಳಗೆ ಬಿದ್ದಿತ್ತು. ಆಳ ನೀರಿನಲ್ಲಿ ಹೊಸಬನ ಗಾಳಗಳೆಲ್ಲ ಮುಗಿದವು. ಮೀನು ಇನ್ನೂ ಸುತ್ತಲೂ ಹಾರುತ್ತಿತ್ತು. ದಾರ ಹಿಡಿಯುವವನು ಬಿದ್ದದ್ದನ್ನು ಎತ್ತಿಕೊಂಡು, ಬೈದುಕೊಂಡೇ, ನೀರಿಗೆ ಬಿಟ್ಟ. ನೂಲು ತೆಗೆದು ಕಟ್ಟುವಷ್ಟು ವ್ಯವಧಾನ ಅವನಿಗಿರಲಿಲ್ಲ. ಅಭ್ಯಾಸದಂತೆ ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿದ.

ಬಂದ ಮೀನು ಯಾವುದೆಂದು ಯಾರಿಗೂ ಕಾಣಲಿಲ್ಲ. ಕೂತವನನ್ನು ಅದು ಕೂತಲ್ಲಿಂದ ಎಳೆದು ದೋಣಿಯ ಅಂಚಿಗೆ ಬಡಿಯಿತು. ಸುತ್ತು ಚರ್ಮ ಕೊಯ್ದು ಒಳಗಿಳಿಯಿತು. ನೂಲು ತುಂಡಾಯಿತು. ಅವನು ಹಿಂದಕ್ಕೆ ಬಿದ್ದ.

ದಡಕ್ಕೆ ಬಂದವನು ನೆಟ್ಟಗೆ ಗಾಳ ಕಟ್ಟುವವನ ಮನೆಗೆ ಹೋದ. ಅಂಗಳದಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಹೊರಗೆ ಬರುವಂತೆ ಬೈದ. “ನನ್ನ ಜನ್ಮದಲ್ಲಿ ಅಂಥ ಮೀನು ಇನ್ನೊಮ್ಮೆ ಬರುವುದಿಲ್ಲ. ನಿನ್ನ ದರಿದ್ರ ನೂಲು ಅದನ್ನು ಕಳೆಯಿತು. ಇನ್ನಾದರೂ ಬಿಡುತ್ತೀಯಾ ಇಲ್ಲವಾ?”

ಗಾಳ ಕಟ್ಟುವವನು ಬಂಗುಡೆಯ ಬಾಯಿ ಹೊಲಿಯುತ್ತಿದ್ದ. ತಲೆ ಎತ್ತಿ ಅವನನ್ನೊಮ್ಮೆ ನೋಡಿದ.

“ನಾಳೆಯೂ ಹತ್ತು ತರುತ್ತೇನೆ” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಆ ಗಾಳ ಕಟ್ಟುವವನಿಗೆ ಕೊನೆಗೆ ಸಿಕ್ಕಿದ್ದು ಆ ಬೈಗುಳವೇ?” ಎಂದು ದೂಮಪ್ಪ ಕೇಳಿದ.

ಗುರುಗಳು ಹೇಳಿದರು: “ಬೈಗುಳವೇ; ಆದರೆ ಬೈಯಲು ಎತ್ತಿದ ಕೈಯಲ್ಲಿ ಐದು ಬೆರಳೂ ಇದ್ದವು.”