ಬಸವನಹುಳುವಿನ ಚಿಪ್ಪಿಗೆ ವಿಮೆ

ಬೇಲಿಸಾಲಿನ ಮುದಿ ಬಸವನಹುಳು ಹುಟ್ಟಿದಾಗಿನಿಂದ ಯಾರಿಗೂ ಡಿಕ್ಕಿ ಹೊಡೆದವನಲ್ಲ. ಆದರೂ ವಿಮೆ ಏಜೆಂಟ್ ಗೋಸುಂಬೆ ಈ ವರ್ಷ ಅವನ ಕಂತಿನ ಎಲೆಗಳನ್ನು ದುಪ್ಪಟ್ಟು ಮಾಡಿದ.

“ಯಾಕಪ್ಪಾ?”

“ವಯಸ್ಸಾಯ್ತಲ್ಲ ಅಜ್ಜಾ, ಕಣ್ಣು ಮಂಜು. ನಿಮ್ಮಿಂದ ಎದುರಿನವರಿಗೆ ಆಗುವ ಗಾಯಕ್ಕಷ್ಟೇ ವಿಮೆ ಸಾಕೆಂದರೆ ಎರಡು ಎಲೆ. ನಿಮ್ಮ ಚಿಪ್ಪೂ ಸೇರಬೇಕೆಂದರೆ ಹತ್ತು. ಇಂಥ ಅರಮನೆಗೆ ಹತ್ತು ಹೆಚ್ಚೇ?”

ಚಿಪ್ಪು ಬಿಟ್ಟರೆ ಬೇರೆ ಮನೆಯಿಲ್ಲದ ಮುದುಕ ಹೊಟ್ಟೆ ಕಟ್ಟಿ ಹತ್ತೂ ಎಲೆ ತೆತ್ತ.

ಮರುವಾರವೇ ಹರೆಯದ ಮಿಡತೆಯೊಂದು ಎಗರಿ ಬಂದು ಅವನ ಬೆನ್ನಿಗೆ ಅಪ್ಪಳಿಸಿತು. ಚಿಪ್ಪು ಬಿರುಕು ಬಿಟ್ಟಿತು. ಗೋಸುಂಬೆ ಬೇರೊಂದು ಬಣ್ಣದಲ್ಲಿ ಬಂದ. ಅವನ ಒಂದು ಕಣ್ಣು ಬಿರುಕಿನ ಮೇಲಿದ್ದರೆ, ಇನ್ನೊಂದು ಮುಂದಿನ ಗಿರಾಕಿಯನ್ನು ಹುಡುಕುತ್ತಿತ್ತು.

“ಚಿಪ್ಪು ಬಹಳ ಹಳತು ಅಜ್ಜಾ. ಸವೆತ ಕಳೆದರೆ ಅರ್ಧ ಎಲೆ ಸಿಗುತ್ತೆ.”

“ಅಲ್ಲವೋ, ತಗೊಳ್ಳುವಾಗ ಅರಮನೆ, ಕೊಡುವಾಗ ಒಡಕು ಮಡಕೆಯೇ?”

“ನಿಯಮ ಅಜ್ಜಾ. ಅಂದಹಾಗೆ, ಅಪಘಾತವಾಯಿತಲ್ಲ, ಮುಂದಿನ ವರ್ಷ ಕಂತು ಇಪ್ಪತ್ತು.”

ಮುದುಕ ಆ ಅರ್ಧ ಎಲೆಗೆ ತನ್ನದೇ ಲೋಳೆ ಸವರಿ, ಬಿರುಕಿಗೆ ಅಂಟಿಸಿಕೊಂಡು ಹೊರಟ.

ಗೋಸುಂಬೆ ಹಿಂದಿನಿಂದ ಕೂಗಿದ: “ಅಜ್ಜಾ, ತೇಪೆ ಹಾಕಿದ ಚಿಪ್ಪಿಗೆ ನಮ್ಮಲ್ಲಿ ವಿಮೆಯೇ ಇಲ್ಲ!”

“ಸದ್ಯ, ಬದುಕಿದೆ!” ಎಂದ ಅಜ್ಜ.