ಡ್ರಮ್ಮಿನ ಹಿಂದೆ ಅಧ್ಯಕ್ಷರು

"ಸಾಲಿ ತಪ್ಪಿಸೋ ಹುಡುಗರು ಇವತ್ತು ಸಿಗಲಿಲ್ಲಂದ್ರ ನಾಳಿಂದ ನೀ ಬರಬ್ಯಾಡ." ಶಾಲಾ ಸಮಿತಿಯ ಅಧ್ಯಕ್ಷ ಚನ್ನವೀರಗೌಡರು ತಾಲೂಕಿನ ಶಿಕ್ಷಣ ಸಾಹೇಬರೆದುರು ಶಾಲೆಯ ಜವಾನನನ್ನು ಗದರಿಸಿದರು. ಹುಡುಗರು ಎಲ್ಲಿದ್ದಾರೆಂದು ಜವಾನನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಮಕ್ಕಳನ್ನು ಶಾಲೆಗೆ ಕರೆಯುವ ಜಾಥಾ ಹೊರಟಿತು. ಜಾಥಾ ಅಂದಮೇಲೆ ಡ್ರಮ್ಮು ಬಾರಿಸುವವನೇ ಮುಂದೆ, ಎಷ್ಟು ದೊಡ್ಡವರಾದರೂ ಅವನ ಹಿಂದೆ. ಹಾರ ಗೌಡರ ಕೊರಳಿಗೆ ಬಿತ್ತು, ಡ್ರಮ್ಮು ಜವಾನನ ಕೊರಳಿಗೆ.

"ಮಕ್ಕಳನ್ನ ಸಾಲಿಗೆ ಕಳಿಸ್ರಿ," ಎಂದು ಗೌಡರು ಸಾಹೇಬರ ಪಕ್ಕದಲ್ಲಿ ಕೂಗುತ್ತ ಬಂದರು. ಜವಾನ ಓಣಿ ದಾಟಿದ, ಹಳ್ಳ ದಾಟಿದ. ಗೌಡರ ದನಿ ಸಣ್ಣಗಾಯಿತು.

"ಏ, ಈ ಕಡೆ ಯಾಕೋ? ಹಿಂದಕ್ಕ ಹೊಳ್ಳು."

"ಡ್ರಮ್ಮಿನ ಸಪ್ಪಳದಾಗ ಏನೂ ಕೇಳವಲ್ದ್ರಿ," ಎಂದು ಜವಾನ ಇನ್ನೂ ಜೋರಾಗಿ ಬಾರಿಸಿದ.

ಎದುರಿಗೆ ಗೌಡರದೇ ಮೆಣಸಿನಕಾಯಿ ಹೊಲ. ಕಾಯಿ ಬಿಡಿಸುತ್ತಿದ್ದ ಹುಡುಗರು ತಲೆಯೆತ್ತಿದರು. ಸಾಹೇಬರು ಗೌಡರ ಮುಖ ನೋಡಿದರು.

"ಇವತ್ತೊಂದಿನ ಬಿಡಸ್ಲಿ ಬಿಡ್ರಿ," ಗೌಡರು ಗೊಣಗಿದರು.

"ಹಂಗಾದ್ರ ಕಾಯಿ ಮುಗಿಯೋತನಕ ನಾವು ಘೋಷಣೆ ನಿಲ್ಲಸೂಣೇನ್ರಿ ಸಾಹೇಬ್ರ?" ಜವಾನ ಕೈಕಟ್ಟಿ ಕೇಳಿದ.

ಸಾಹೇಬರು ಶಾಲೆಯತ್ತ ಕೈ ತೋರಿಸಿದರು. ಡ್ರಮ್ಮು ಮತ್ತೆ ಶುರುವಾದದ್ದೇ ಹುಡುಗರು ಬುಟ್ಟಿ ಬಿಟ್ಟು ಹಿಂದೆ ಸಾಲುಗಟ್ಟಿದರು. ಜಾಥಾ ಊರಿಗೆ ತಿರುಗಿತು. ಹೊಲದಲ್ಲಿ ಉಳಿದವರು ಗೌಡರೊಬ್ಬರೇ. ಕೊರಳಲ್ಲಿ ಹಾರವಿತ್ತು, ಕೈಯಲ್ಲಿ ಬುಟ್ಟಿ.